ಬೆರಳ ತುದಿಯ ಒಂದು ಹನಿ

ಕಳೆದ ಎರಡು ತಿಂಗಳಿಂದ ‘ಲ್ಯಾಬ್ ಕಿಟಕಿ’ಗೆ ಬರುತ್ತಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಬೆರಳು ಚುಚ್ಚಿ, ಒಂದು ಹನಿ ರಕ್ತ ಹಾಕಿ, ಹದಿನೈದು ನಿಮಿಷದಲ್ಲಿ ವಿಟಮಿನ್ ಡಿ ನೋಡುವ ಕಿಟ್. ಬರೆದವರು ಸಣ್ಣ ಊರುಗಳ ಡಾಕ್ಟರು, ನರ್ಸು, ಲ್ಯಾಬ್ ಟೆಕ್ನೀಷಿಯನ್ನುಗಳು. ಕಿಟ್ ಮಾರುವ ಕಂಪನಿಗಳ ರೆಪ್‌ಗಳು ಈಗ ತಾಲ್ಲೂಕು ತಾಲ್ಲೂಕಿಗೂ ಈ ಕಿಟ್ ಹಿಡಿದು ಬರುತ್ತಿದ್ದಾರೆ ಅಂತ ಕಾಣುತ್ತದೆ. ತುಮಕೂರಿನಲ್ಲಿ ನಾನು ಲ್ಯಾಬ್ ತೆರೆದು ಇಪ್ಪತ್ತಾರು ವರ್ಷವಾಯಿತು. ಈ ಕಿಟ್ ನನ್ನ ಮೇಜಿನ ಮೇಲೆ ಬಂದು ಮೂರು ವರ್ಷ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಶಿರಾ ಕಡೆ ಒಂದು ಹೋಬಳಿಯಲ್ಲಿ ನನ್ನ ಕ್ಲಿನಿಕ್ ಇದೆ. ಮೈಕೈ ನೋವು, ಸೊಂಟ ನೋವು ಅಂತ ಬರುವವರೇ ಜಾಸ್ತಿ. ವಿಟಮಿನ್ ಡಿ ಟೆಸ್ಟ್ ಮಾಡಿಸಿ ಅಂದರೆ ಯಾರೂ ಊರು ಬಿಟ್ಟು ಹೋಗುವುದಿಲ್ಲ. ಹೋದರೂ ಸಾವಿರ ರೂಪಾಯಿ ಮೇಲೆ ಖರ್ಚು. ರೆಪ್ ಒಬ್ಬರು ಬೆರಳಿನ ಕಿಟ್ಟು, ಅದನ್ನು ಓದುವ ಪುಟ್ಟ ಮಷೀನು ತೋರಿಸಿದರು. ತೆಗೆದುಕೊಳ್ಳಲಾ?

ಉತ್ತರ: ಡಾಕ್ಟ್ರೇ, ಮೊದಲು ಒಂದು ಲೆಕ್ಕ ಹಾಕಿ. ದಿನಕ್ಕೆ ಅರವತ್ತು ಜನ ನೋಡುತ್ತೀರಿ ಅಂದುಕೊಳ್ಳೋಣ. ಆ ಟೆಸ್ಟಿನ ಉತ್ತರ ನೋಡಿ ನೀವು ಬರೆಯುವ ಚೀಟಿ ಎಷ್ಟು ಜನರ ವಿಷಯದಲ್ಲಿ ಬದಲಾಗುತ್ತದೆ? ಅಷ್ಟು ಜನಕ್ಕೆ ಮಾತ್ರ ಟೆಸ್ಟ್ ಬೇಕು. ನನ್ನ ಅಂದಾಜಿನಲ್ಲಿ ಅದು ದಿನಕ್ಕೆ ಒಬ್ಬರೋ ಇಬ್ಬರೋ. ಆ ಒಬ್ಬರಿಬ್ಬರಿಗೆ ಮಾತ್ರ ಈ ಕಿಟ್ ನಿಜವಾಗಿ ಉಪಕಾರ ಮಾಡುತ್ತದೆ.

ಯಾರು ಅವರು? ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಹೆಂಗಸು ಕೈ ಊರದೆ ಏಳಲಾರಳು. ಮೊಳಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮುಖ ಕಿವುಚುತ್ತಾಳೆ. ನಡಿಗೆ ಬಾತುಕೋಳಿಯಂತೆ ಆಗಿದೆ. ಇಂಥವರನ್ನು ಬಿಡಬೇಡಿ. ಫಿಟ್ಸ್‌ಗೆ ವರ್ಷಗಟ್ಟಲೆ ಫೆನಿಟಾಯಿನ್ ನುಂಗುತ್ತಿರುವವರು, ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರು, ಕಿಡ್ನಿ ಸೋತವರು, ತಿಂದದ್ದು ಮೈಗೆ ಹತ್ತದೆ ಭೇದಿಯಾಗಿ ಹೋಗುವವರು, ಸಣ್ಣ ಪೆಟ್ಟಿಗೇ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು, ಕಾಲು ಬಾಗಿದ ಮಕ್ಕಳು, ಇವರೂ ಸೇರುತ್ತಾರೆ. ಬಿಸಿಲಿಗೆ ಬಾರದ ಕೆಲಸದವರನ್ನೂ ಗಮನದಲ್ಲಿಡಿ. ಬೆಳಿಗ್ಗೆ ಒಂಬತ್ತಕ್ಕೆ ಗಾರ್ಮೆಂಟ್ಸ್ ಒಳಗೆ ಹೋದ ಹುಡುಗಿ ಹೊರಗೆ ಬರುವಾಗ ಸಂಜೆ. ಅವಳ ಮಟ್ಟಿಗೆ ಮಧ್ಯಾಹ್ನದ ಬಿಸಿಲು ಭಾನುವಾರ ಮಾತ್ರ.

ಉಳಿದವರಿಗೆ ಬೇಡ ಅನ್ನುವುದು ನನ್ನೊಬ್ಬಳ ಮಾತಲ್ಲ. ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿ 2011ರಲ್ಲಿ ಒಂದು ಗಡಿ ಹಾಕಿತ್ತು. ರಕ್ತದ ಒಂದು ಮಿಲಿಲೀಟರ್ ಸೀರಂನಲ್ಲಿ (ಕಣ ತೆಗೆದ ನೀರಿನ ಭಾಗ) 20 ನ್ಯಾನೋಗ್ರಾಮ್‌ಗಿಂತ ಕಡಿಮೆ ಇದ್ದರೆ ಕೊರತೆ, 21ರಿಂದ 29 ಇದ್ದರೆ ಸಾಲದು ಅಂತ. ನಮ್ಮ ದೇಶದ ಎಷ್ಟೋ ಲ್ಯಾಬ್ ರಿಪೋರ್ಟುಗಳು ಇವತ್ತಿಗೂ ಅದನ್ನೇ ಅಚ್ಚು ಹಾಕುತ್ತಿವೆ. ಅದೇ ಸೊಸೈಟಿ 2024ರಲ್ಲಿ ಆ ಗಡಿಗಳನ್ನು ತಾನೇ ಕೈಬಿಟ್ಟಿತು. ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ಮನೆ ಟೆಸ್ಟ್ ಮಾಡಬೇಡಿ ಅಂದಿತು. ರೆಪ್ ಈ ಎರಡನೇ ಮಾತು ಹೇಳಿರಲಿಕ್ಕಿಲ್ಲ.

ಇನ್ನು ಕಿಟ್ ವಿಷಯ. ಪೆಟ್ಟಿಗೆ ಮೇಲೆ ‘25 ಹೈಡ್ರಾಕ್ಸಿ ವಿಟಮಿನ್ ಡಿ’ ಅಂತ ಇರಬೇಕು. ಚರ್ಮದಲ್ಲಿ ಹುಟ್ಟಿದ ಅಥವಾ ನಾವು ನುಂಗಿದ ವಿಟಮಿನ್ ಡಿ ಲಿವರ್‌ನಲ್ಲಿ ಈ ರೂಪಕ್ಕೆ ಬರುತ್ತದೆ. ಮೈಯಲ್ಲಿ ಎಷ್ಟು ಕೂಡಿಟ್ಟಿದ್ದೇವೆ ಅಂತ ತಿಳಿಯುವುದು ಇದರಿಂದ. ಮುಂದೆ ಕಿಡ್ನಿಯಲ್ಲಿ ಅದು ಇನ್ನೊಂದು ರೂಪಕ್ಕೆ ಹೋಗುತ್ತದೆ. ಆ ಕೊನೆಯ ರೂಪವನ್ನು ಅಳೆದರೆ ಮೋಸ ಹೋಗುತ್ತೇವೆ. ಯಾಕೆಂದರೆ ಕೊರತೆ ಇದ್ದಾಗಲೂ ಪ್ಯಾರಾಥೈರಾಯ್ಡ್ ಹಾರ್ಮೋನು ಕಿಡ್ನಿಯನ್ನು ಒತ್ತಾಯಿಸಿ ಅದನ್ನು ಸರಿಯಾಗಿಯೇ ತೋರಿಸುತ್ತದೆ.

ಕಣ್ಣಳತೆಯಲ್ಲಿ ಬಣ್ಣ ಹೋಲಿಸುವ ಕಿಟ್‌ಗಳು ನನಗೆ ಇಷ್ಟವಿಲ್ಲ. ಟ್ಯೂಬ್‌ಲೈಟ್ ಕೆಳಗೆ ಒಂದು ಬಣ್ಣ, ಕಿಟಕಿ ಹತ್ತಿರ ಇನ್ನೊಂದು. ಮಷೀನ್ ಓದಿ ಅಂಕಿ ಕೊಡುವುದೇ ವಾಸಿ. ಪೆಟ್ಟಿಗೆ ಮೇಲೆ ತಯಾರಿಕೆಯ ಅಥವಾ ಆಮದಿನ ಲೈಸೆನ್ಸ್ ನಂಬರ್ ಇದೆಯೇ ನೋಡಿ. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಅದು ಇರಲೇಬೇಕು. ಎಷ್ಟು ಬಿಸಿಯವರೆಗೆ ಇಡಬಹುದು ಅಂತ ಓದಿ. ಹೆಚ್ಚಿನವು 30 ಡಿಗ್ರಿಗೆ ನಿಲ್ಲುತ್ತವೆ. ಏಪ್ರಿಲ್ ತಿಂಗಳಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬರುವ ಪಾರ್ಸೆಲ್ ಎಷ್ಟು ಬಿಸಿಯಾಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಫ್ರಿಜ್‌ನಿಂದ ತೆಗೆದರೆ ಪೊಟ್ಟಣ ಒಡೆಯದೆ ಅರ್ಧ ಗಂಟೆ ಹೊರಗೆ ಬಿಡಿ. ಇಲ್ಲದಿದ್ದರೆ ಪಟ್ಟಿಯ ಮೇಲೆ ತೇವ ಕೂರುತ್ತದೆ.

ಇನ್ನೊಂದು ಕೆಲಸ ಮಾಡಿ. ಹಣ ಕಟ್ಟುವ ಮೊದಲು ಹದಿನೈದು ಇಪ್ಪತ್ತು ಜನರ ಬೆರಳಿನ ರಕ್ತವನ್ನು ಕಿಟ್‌ಗೆ, ಅದೇ ಹೊತ್ತಿಗೆ ತೋಳಿನ ರಕ್ತವನ್ನು ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ಗೆ ಕಳಿಸಿ ತಾಳೆ ನೋಡಿ. ಖರ್ಚು ಕಂಪನಿಯವರೇ ಕೊಡಲಿ ಅಂತ ಕೇಳಿ. ನಾನು ಹಾಗೇ ಮಾಡಿದೆ. ತೀರಾ ಕಡಿಮೆ ಇದ್ದವರನ್ನು ನನ್ನ ಕಿಟ್ ಚೆನ್ನಾಗಿಯೇ ಹಿಡಿಯಿತು. ಚೆನ್ನಾಗಿ ಇದ್ದವರನ್ನೂ ಗುರುತಿಸಿತು. 20ರ ಆಚೀಚೆ ಇದ್ದವರಲ್ಲಿ ಮಾತ್ರ ತಡವರಿಸಿತು. ಅದು ಗೊತ್ತಾದ ಮೇಲೆ ಆ ನಡುವಿನ ಅಂಕಿಗಳನ್ನು ಕಂಡರೆ ನಾನು ತೋಳಿನ ರಕ್ತ ತೆಗೆದು ಮತ್ತೆ ನೋಡುತ್ತೇನೆ. ಇಷ್ಟಕ್ಕೆ ನೀವು ಸಿದ್ಧವಿದ್ದರೆ ತೆಗೆದುಕೊಳ್ಳಿ ಡಾಕ್ಟ್ರೇ. ನಿಮ್ಮ ಹೋಬಳಿಗೆ ಅದು ಬೇಕು.

ಪ್ರಶ್ನೆ: ನಾನು ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಮಷೀನ್ ಇಲ್ಲ, ಬಣ್ಣದ ಕಾರ್ಡ್ ಮಾತ್ರ. ಒಬ್ಬ ರೋಗಿಗೆ ಗೆರೆ ಕಡುಗೆಂಪಾಗಿ ಬಂತು. ‘ವಿಟಮಿನ್ ಚೆನ್ನಾಗಿದೆ’ ಅಂತ ಹೇಳಿ ಕಳಿಸಿದೆ. ಆಮೇಲೆ ಡಾಕ್ಟರು ನೋಡಿ ಬೈದರು. ನನಗೆ ಇನ್ನೂ ಅರ್ಥವಾಗಿಲ್ಲ ಮೇಡಂ. ಗೆರೆ ಗಾಢವಾಗಿದ್ದರೆ ಜಾಸ್ತಿ ಇದೆ ಅಂತ ಅಲ್ವಾ?

ಉತ್ತರ: ಅಲ್ಲಮ್ಮ, ಇಲ್ಲಿ ಉಲ್ಟಾ. ಆದರೆ ನೀವು ಹಾಗೆ ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರೆಗ್ನೆನ್ಸಿ ಕಾರ್ಡಿನಲ್ಲೂ ಕೋವಿಡ್ ಕಾರ್ಡಿನಲ್ಲೂ ಗೆರೆ ಬಂದರೆ ‘ಇದೆ’ ಅಂತ ಓದಿ ಓದಿ ಕೈಗೆ ಅಭ್ಯಾಸವಾಗಿದೆ. ಯಾರೂ ಕೂರಿಸಿ ಹೇಳಿಕೊಡದಿದ್ದರೆ ಯಾರಿಗಾದರೂ ಹೀಗೇ ಆಗುತ್ತದೆ.

ನಮ್ಮ ಬಸ್ ಸ್ಟ್ಯಾಂಡಿನ ಆಟೋಗಳನ್ನು ನೆನೆಸಿಕೊಳ್ಳಿ. ಕಿಟ್‌ನೊಳಗೆ ಕೆಂಪು ಬಣ್ಣ ಹಚ್ಚಿದ ಪುಟ್ಟ ಆಟೋಗಳಿವೆ. ಇವೇ ಆ್ಯಂಟಿಬಾಡಿಗಳು, ಅಂದರೆ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಪ್ರೋಟೀನುಗಳು. ಎಷ್ಟಿರಬೇಕೋ ಅಷ್ಟೇ ಇವೆ, ಒಂದೂ ಹೆಚ್ಚಿಗೆ ಇಲ್ಲ. ರಕ್ತದ ಹನಿಯಲ್ಲಿರುವ ವಿಟಮಿನ್ ಡಿ ಅಂದರೆ ಬಸ್ ಇಳಿದ ಪ್ರಯಾಣಿಕರು. ಅವರು ಬಂದು ಆಟೋ ಹತ್ತುತ್ತಾರೆ. ಎಲ್ಲ ಆಟೋಗಳೂ ಪಟ್ಟಿಯ ಮೇಲೆ ಮುಂದೆ ಹೋಗುತ್ತವೆ. ಅಲ್ಲಿ ‘ಟಿ’ ಗೆರೆಯ ಜಾಗದಲ್ಲಿ ಇನ್ನಷ್ಟು ಪ್ರಯಾಣಿಕರು ಕಾಯುತ್ತಿದ್ದಾರೆ. ಕಂಪನಿಯವರೇ ಅಲ್ಲಿ ಅಂಟಿಸಿಟ್ಟ ವಿಟಮಿನ್ ಡಿ ಅದು. ಅವರ ಹತ್ತಿರ ನಿಲ್ಲುವುದು ಖಾಲಿ ಆಟೋಗಳು ಮಾತ್ರ. ತುಂಬಿದವು ನಿಲ್ಲದೆ ಮುಂದಕ್ಕೆ ಹೋಗುತ್ತವೆ.

ಈಗ ಹೇಳಿ, ಗೆರೆಯಲ್ಲಿ ಕೆಂಪು ದಟ್ಟವಾಗಿದೆ ಅಂದರೆ ಏನು? ಖಾಲಿ ಆಟೋಗಳು ತುಂಬಾ ಬಂದಿವೆ. ಅಂದರೆ ಬಸ್ಸಿನಿಂದ ಇಳಿದವರೇ ಕಡಿಮೆ. ರಕ್ತದಲ್ಲಿ ವಿಟಮಿನ್ ಡಿ ಕಡಿಮೆ. ಗೆರೆ ಮಸುಕಾಗಿದ್ದರೆ ಬೇಕಾದಷ್ಟಿದೆ. ವಿಟಮಿನ್ ಡಿ ಅಣು ತೀರಾ ಚಿಕ್ಕದು. ಎರಡು ಆ್ಯಂಟಿಬಾಡಿಗಳು ಎರಡು ಕಡೆಯಿಂದ ಅದನ್ನು ಹಿಡಿದುಕೊಳ್ಳುವಷ್ಟು ಜಾಗ ಅದರ ಮೇಲಿಲ್ಲ. ಅದಕ್ಕೇ ಪ್ರೆಗ್ನೆನ್ಸಿ ಕಾರ್ಡಿನ ವಿಧಾನ ಇಲ್ಲಿ ನಡೆಯುವುದಿಲ್ಲ.

ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ‘ಸಿ’ ಗೆರೆ ಮಾತ್ರ ಯಾವತ್ತೂ ಬರಲೇಬೇಕು. ಅದು ಬರದಿದ್ದರೆ ಆ ಪಟ್ಟಿ ಬಿಸಾಡಿ, ಬೇರೆಯದು ತೆಗೆಯಿರಿ. ಹೇಳಿದ ನಿಮಿಷಕ್ಕೆ ಸರಿಯಾಗಿ ಓದಿ. ಊಟ ಮುಗಿಸಿ ಬಂದು ಓದಿದರೆ ಅದು ಲೆಕ್ಕಕ್ಕಿಲ್ಲ. ಆ ರೋಗಿಯನ್ನು ದಯವಿಟ್ಟು ಫೋನ್ ಮಾಡಿ ವಾಪಸ್ ಕರೆಸಿ. ತಪ್ಪು ಓದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಅವರು ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಒಬ್ಬ ಹೆಂಗಸಿಗೆ ನಮ್ಮ ಕಿಟ್ 24 ತೋರಿಸಿತು. ಅವರ ಮಗ ಬೆಂಗಳೂರಿನಲ್ಲಿ ಮಾಡಿಸಿದಾಗ 17 ಬಂತಂತೆ. ಕೌಂಟರ್ ಮುಂದೆ ನಿಂತು ಜಗಳ ಮಾಡಿದ. ಯಾವುದು ಸರಿ?

ಉತ್ತರ: ಆ ತಾಯಿಯ ಹಿಮೋಗ್ಲೋಬಿನ್ ಎಷ್ಟಿತ್ತು? ಪತ್ರದಲ್ಲಿ ಬರೆದಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ವಿಟಮಿನ್ ಡಿ ಇರುವುದು ರಕ್ತದ ನೀರಿನ ಭಾಗದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ. ಕೆಂಪು ಕಣಗಳ ಒಳಗಲ್ಲ. ಬೆರಳಿನಿಂದ ನಾವು ಹಾಕುವುದು ಇಡೀ ರಕ್ತ. ಒಂದು ಹನಿಯಲ್ಲಿ ಇಷ್ಟು ಕಣ, ಇಷ್ಟು ನೀರು ಇರುತ್ತದೆ ಅಂತ ಕಿಟ್ ಮಾಡಿದವರು ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಕಣಗಳು ನೂರಕ್ಕೆ 45 ಪಾಲು, ನೀರು 55 ಪಾಲು ಅಂತ ಇಟ್ಟುಕೊಳ್ಳಿ. ರಕ್ತ ತೀರಾ ಕಡಿಮೆ ಇರುವ ಹೆಂಗಸಿನ ಹನಿಯಲ್ಲಿ ಕಣ 27 ಪಾಲು, ನೀರು 73 ಪಾಲು ಇರಬಹುದು. ಅದೇ ಗಾತ್ರದ ಹನಿಯಲ್ಲಿ ನೀರು ಮೂರನೇ ಒಂದು ಪಾಲು ಹೆಚ್ಚಿಗೆ ಬಂತು. ಅದರ ಜೊತೆ ವಿಟಮಿನ್ ಡಿಯೂ ಅಷ್ಟು ಹೆಚ್ಚಿಗೆ ಬಂತು. ನಿಜವಾಗಿ 18 ಇದ್ದದ್ದು ಕಿಟ್‌ನಲ್ಲಿ 24 ಅಂತ ಕಾಣುತ್ತದೆ. ‘ಕೊರತೆ ಇಲ್ಲ’ ಅಂತ ಬರೆದು ಕಳಿಸುತ್ತೇವೆ.

ಇದು ನನ್ನನ್ನು ತುಂಬಾ ಕಾಡುವ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಯಾರಿಗೆ ಈ ಟೆಸ್ಟ್ ಜಾಸ್ತಿ ಬೇಕೋ ಅವರಲ್ಲೇ ಕಿಟ್ ಎಡವುವ ಸಾಧ್ಯತೆ ಜಾಸ್ತಿ. ಕೆಲವು ಮಷೀನುಗಳಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಅಂಕಿ ಹಾಕಿ ಸರಿಮಾಡುವ ಸೌಲಭ್ಯ ಇದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಮೊದಲು ಹಿಮೋಗ್ಲೋಬಿನ್ ನೋಡಿ. ಕಡಿಮೆ ಇದ್ದರೆ ಬೆರಳಿನ ಟೆಸ್ಟ್ ಬಿಟ್ಟು ತೋಳಿನ ರಕ್ತ ತೆಗೆದು, ಸೀರಂ ಬೇರೆ ಮಾಡಿ ನೋಡಿ. ಹೆಚ್ಚಿನ ಕಿಟ್‌ಗಳಲ್ಲಿ ಸೀರಮ್ಮನ್ನೂ ಹಾಕಬಹುದು.

ಬೇರೆ ಕಾರಣಗಳೂ ಇರಬಹುದು. ವಿಟಮಿನ್ ಡಿ ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ಒಂದು ಪ್ರೋಟೀನ್ ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆ ಹಿಡಿತ ಬಿಡಿಸುವ ದ್ರಾವಣ ಒಂದೊಂದು ಕಂಪನಿಯದು ಒಂದೊಂದು ರೀತಿ. ಬಸುರಿಯರಲ್ಲಿ ಆ ಪ್ರೋಟೀನೇ ಹೆಚ್ಚಿರುತ್ತದೆ, ಅಲ್ಲಿ ಅಂಕಿ ಇನ್ನಷ್ಟು ಏರುಪೇರು. ದೊಡ್ಡ ಲ್ಯಾಬ್‌ಗಳ ಮಷೀನ್‌ಗಳೂ ಒಂದಕ್ಕೊಂದು ಹೊಂದುವುದಿಲ್ಲ ಅನ್ನುವ ತಲೆನೋವು ಹಳೆಯದು. ಅದಕ್ಕೇ ಲಂಡನ್ನಿನಲ್ಲಿ 1989ರಲ್ಲಿ ‘ಡೀಕಾಸ್’ ಅನ್ನುವ ವ್ಯವಸ್ಥೆ ಶುರುವಾಯಿತು. ಒಂದೇ ಸೀರಂ ಅನ್ನು ಬೇರೆ ಬೇರೆ ಲ್ಯಾಬ್‌ಗಳಿಗೆ ಕಳಿಸಿ ಉತ್ತರಗಳನ್ನು ತಾಳೆ ನೋಡುವ ವ್ಯವಸ್ಥೆ ಅದು. 2010ರಲ್ಲಿ ಅಮೆರಿಕದವರು ಎಲ್ಲರ ಅಳತೆಯನ್ನೂ ಒಂದು ಗೂಟಕ್ಕೆ ಕಟ್ಟುವ ಕಾರ್ಯಕ್ರಮವನ್ನೇ ಹಮ್ಮಿಕೊಂಡರು. ಇನ್ನೊಂದು, ಕೂದಲು ಉದುರುತ್ತದೆ ಅಂತ ದೊಡ್ಡ ಪ್ರಮಾಣದ ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ದೊಡ್ಡ ಮಷೀನ್‌ಗಳು ವಿಟಮಿನ್ ಡಿಯನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಕೇಳಿ ತಿಳಿದುಕೊಳ್ಳಿ. ರಿಪೋರ್ಟಿನ ಯೂನಿಟ್ಟನ್ನೂ ನೋಡಿ. ನ್ಯಾನೋಗ್ರಾಮ್ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ನ್ಯಾನೋಮೋಲ್. ವಿದೇಶದಿಂದ ಬಂದ ರಿಪೋರ್ಟಿನ 50 ಅಂದರೆ ನಮ್ಮ 20.

ಆಮೇಲೆ ಬೆರಳು. ಈ ವಿಷಯದಲ್ಲಿ ನಾನು ನನ್ನ ಹುಡುಗಿಯರ ಜೊತೆ ಬಹಳ ಕಟ್ಟುನಿಟ್ಟು.

ನಿಮ್ಮ ಕಡೆ ಅಡಿಕೆ ಸುಲಿಯುವ ಕೈಗಳು ಬರುತ್ತವೆ. ಕಳೆದ ತಿಂಗಳು ನನ್ನ ಹತ್ತಿರವೂ ಅಂಥ ಒಬ್ಬ ಅಜ್ಜಿ ಬಂದಿದ್ದರು. ಬೆರಳ ತುದಿ ಕಪ್ಪಾಗಿ, ತೊಗಲು ಚಪ್ಪಲಿಯಷ್ಟು ಗಟ್ಟಿ. ನಮ್ಮ ಹುಡುಗಿ ಬೆರಳಿನ ನಟ್ಟನಡುವೆ ಚುಚ್ಚಿದಳು. ರಕ್ತ ಬರಲಿಲ್ಲ. ಹಾಲು ಕರೆಯುವ ಹಾಗೆ ಹಿಂಡಲು ಶುರುಮಾಡಿದಳು. ನಾನು ಕೈ ಹಿಡಿದು ನಿಲ್ಲಿಸಿದೆ. ಹಿಂಡಿದರೆ ಬರುವುದು ಬರೀ ರಕ್ತವಲ್ಲ, ಮಾಂಸದೊಳಗಿನ ನೀರೂ ಸೇರಿ ಬರುತ್ತದೆ. ಕಣಗಳು ಒಡೆಯುತ್ತವೆ. ಆಮೇಲೆ ಎಂಥ ಮಷೀನ್ ಇಟ್ಟರೂ ಪ್ರಯೋಜನವಿಲ್ಲ. ಅಜ್ಜಿಯ ಕೈಯನ್ನು ಬೆಚ್ಚಗಿನ ನೀರಲ್ಲಿ ಎರಡು ನಿಮಿಷ ಇಟ್ಟೆವು. ಸೋಪು ಹಾಕಿ ತೊಳೆದು ಒರೆಸಿದೆವು. ಕೈ ಜೋತುಬಿಡಿ ಅಜ್ಜಿ ಅಂದೆ. ಎಡಗೈ ಉಂಗುರದ ಬೆರಳು, ತುದಿಯ ಪಕ್ಕಕ್ಕೆ, ಅಲ್ಲಿ ಚರ್ಮ ತೆಳು. ಸ್ಪಿರಿಟ್ ಪೂರ್ತಿ ಆರುವ ತನಕ ಕಾದೆವು. ಹೊಸ ಲ್ಯಾನ್ಸೆಟ್. ಮೊದಲ ಹನಿಯನ್ನು ಹತ್ತಿಯಲ್ಲಿ ಒರೆಸಿದೆವು. ಎರಡನೇ ಹನಿ ತಾನೇ ಉಬ್ಬಿ ಮುತ್ತಿನ ಹಾಗೆ ನಿಂತಿತು. ಪೈಪೆಟ್ ಮುಟ್ಟಿಸಿದರೆ ಸಾಕು, ತಾನಾಗೇ ಏರಿತು. ‘ಇಷ್ಟೇನಾ ಮಗಾ? ಆಗ್ಲೇ ಯಾಕೆ ಹಂಗೆ ಹಿಂಡ್ದೆ?’ ಅಂತ ಅಜ್ಜಿ ನಮ್ಮ ಹುಡುಗಿಯನ್ನು ಕೇಳಿದರು.

ಪೈಪೆಟ್‌ನಲ್ಲಿ ಗುಳ್ಳೆ ಇರಬಾರದು, ಗೀಟಿನವರೆಗೆ ಸರಿಯಾಗಿ ತುಂಬಿರಬೇಕು. ಹತ್ತು ಮೈಕ್ರೋಲೀಟರ್ ಹಾಕಬೇಕಾದಲ್ಲಿ ಏಳು ಹಾಕಿದರೆ ಆ ರೋಗಿಯ ವಿಟಮಿನ್ನನ್ನು ಹತ್ತರಲ್ಲಿ ಮೂರು ಪಾಲು ನಾವೇ ಕಡಿಮೆ ಮಾಡಿದ ಹಾಗೆ.

ಆ ಮಗನಿಗೆ ಏನು ಹೇಳುವುದು? 24 ಮತ್ತು 17 ಎರಡೂ ಆ ನಡುವಿನ ಜಾಗದ ಅಂಕಿಗಳೇ. ತಾಯಿಗೆ ಮೂಳೆ ನೋವಿದೆಯೇ, ರಕ್ತ ಕಡಿಮೆ ಇದೆಯೇ ಅಂತ ಡಾಕ್ಟರ ಹತ್ತಿರ ತೋರಿಸಿ ಅನ್ನಿ. ನಿಮ್ಮ ರಿಪೋರ್ಟಿನಲ್ಲಿ ಇನ್ನು ಮುಂದೆ ‘ಬೆರಳಿನ ರಕ್ತ, ರ‍್ಯಾಪಿಡ್ ವಿಧಾನ’ ಅಂತ ಕನ್ನಡದಲ್ಲೇ ಅಚ್ಚು ಹಾಕಿಸಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನಾವು ಕೆಲವು ವೈದ್ಯರು ಸೇರಿ ಪಾವಗಡ, ಮಧುಗಿರಿ ಕಡೆ ತಿಂಗಳಿಗೊಂದು ಉಚಿತ ಕ್ಯಾಂಪ್ ಮಾಡುತ್ತೇವೆ. ಬಂದವರಿಗೆಲ್ಲ ಬೆರಳಿನ ವಿಟಮಿನ್ ಡಿ ಟೆಸ್ಟ್ ಮಾಡಿ, ಕಡಿಮೆ ಇದ್ದವರಿಗೆ ಅಲ್ಲೇ 60 ಸಾವಿರ ಯೂನಿಟ್ಟಿನ ಪೌಡರ್ ಪ್ಯಾಕೆಟ್ ಕೊಡೋಣ ಅಂತ ಯೋಚನೆ. ಕಿಟ್, ಪ್ಯಾಕೆಟ್ ಎರಡನ್ನೂ ಒಬ್ಬರು ದಾನವಾಗಿ ಕೊಡಲು ಒಪ್ಪಿದ್ದಾರೆ. ನಿಮ್ಮ ಅಭಿಪ್ರಾಯ?

ಉತ್ತರ: ಬೇಡ. ದಯವಿಟ್ಟು ಈ ರೂಪದಲ್ಲಿ ಬೇಡ. ನಿಮ್ಮ ಮನಸ್ಸು ಒಳ್ಳೆಯದು ಅಂತ ಗೊತ್ತು. ಆದರೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮಧುಗಿರಿ ಕಡೆಯ ಒಬ್ಬ ಹೆಂಗಸನ್ನು ಗಂಡ ನನ್ನ ಲ್ಯಾಬ್‌ಗೆ ಕರೆತಂದ. ಒಂದೇ ಸಮ ವಾಂತಿ, ಬಾಯಾರಿಕೆ, ಮಲಬದ್ಧತೆ, ರಾತ್ರಿ ಐದಾರು ಸಲ ಮೂತ್ರ. ಸಕ್ಕರೆ ಕಾಯಿಲೆ ಇರಬೇಕು ಅಂತ ಕಳಿಸಿದ್ದರು. ಸಕ್ಕರೆ ಸರಿಯಿತ್ತು. ಕ್ಯಾಲ್ಸಿಯಂ 13.6. ಹತ್ತೂವರೆ ದಾಟಬಾರದು ಅದು. ವಿಟಮಿನ್ ಡಿ ನೋಡಿದರೆ 150ರ ಮೇಲೆ. ನಾನು ಮಾತ್ರೆ ಏನಾದರೂ ತಗೊಂಡ್ರಾ ಅಂತ ಕೇಳಿದೆ. ‘ಮಾತ್ರೆ ಇಲ್ಲ, ಕ್ಯಾಂಪಲ್ಲಿ ಪುಡಿ ಕೊಟ್ಟಿದ್ರು, ಹಾಲಿಗೆ ಹಾಕ್ಕೊಂಡು ಕುಡೀತಿದೀನಿ’ ಅಂದಳು. ದಿನಾ ಒಂದು. ಖಾಲಿಯಾದಾಗ ಗಂಡ ಮೆಡಿಕಲ್ ಸ್ಟೋರಿನಲ್ಲಿ ಅದೇ ಪ್ಯಾಕೆಟ್ ತೋರಿಸಿ ಮತ್ತೆ ತಂದಿದ್ದ. ಎರಡು ತಿಂಗಳು.

ವಾರಕ್ಕೊಂದರಂತೆ ಎಂಟು ವಾರ ಅಂದರೆ 4 ಲಕ್ಷ 80 ಸಾವಿರ ಯೂನಿಟ್. ದಿನಕ್ಕೊಂದರಂತೆ ಅರವತ್ತು ದಿನ ಅಂದರೆ 36 ಲಕ್ಷ. ಚೀಟಿಯಲ್ಲಿ ವಾರಕ್ಕೊಮ್ಮೆ ಅಂತಲೇ ಇತ್ತು. ಇಂಗ್ಲಿಷಿನಲ್ಲಿ ಇತ್ತು. ಬಾಯಲ್ಲಿ ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿ ಉಳಿಸಿಕೊಂಡರು. ಆದರೆ ಈ ವಿಟಮಿನ್ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಕ್ಯಾಲ್ಸಿಯಂ ಕೆಳಗಿಳಿಯಲು ವಾರಗಟ್ಟಲೆ ಬೇಕಾಯಿತು. ನಂತರದ ಪ್ರತಿ ಸಲವೂ ಅವಳ ರಕ್ತ ತೆಗೆದದ್ದು ನಾನೇ. ಆ ಸೋತ ಮುಖ ನನಗೆ ಮರೆಯುವುದಿಲ್ಲ.

ಆ ಕ್ಯಾಂಪಿನ ಕಿಟ್ ಸರಿಯಾಗಿಯೇ ಓದಿರಬಹುದು. ಕೆಟ್ಟದ್ದು ಆಮೇಲಿನದು. ಹಾಗಾಗಿ ಪ್ಯಾಕೆಟ್ ಕೊಡುವವರಿಗೆಲ್ಲ ನನ್ನ ಒಂದು ಬೇಡಿಕೆ ಇದೆ. ‘ವಾರಕ್ಕೊಮ್ಮೆ’ ಅಂತ ಹೇಳಿ ಬಿಡಬೇಡಿ. ‘ನಿಮ್ಮೂರ ಸಂತೆ ಯಾವ ದಿನ?’ ಅಂತ ಕೇಳಿ. ‘ಸಂತೆ ದಿನ ರಾತ್ರಿ ಊಟ ಆದ ಮೇಲೆ ಹಾಲಿನ ಜೊತೆ ಒಂದು. ಮಿಕ್ಕ ದಿನ ಇಲ್ಲ. ಎಂಟು ಸಂತೆ ಆದ ಮೇಲೆ ನಿಲ್ಲಿಸಿ ಬಂದು ತೋರಿಸಿ’ ಅನ್ನಿ. ಅವರ ಬಾಯಿಂದ ಒಂದು ಸಲ ಹೇಳಿಸಿ. ಎಂಟಕ್ಕಿಂತ ಹೆಚ್ಚು ಪ್ಯಾಕೆಟ್ ಕೈಗೆ ಕೊಡಬೇಡಿ. 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್ನನ್ನು ನೋವಿಗೆ ಅಂತ ಚುಚ್ಚುವುದಂತೂ ಪೂರ್ತಿ ನಿಲ್ಲಬೇಕು. ಒಳಗೆ ಹೋದದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಪಾವಗಡ ಅಂತ ಬೇರೆ ಬರೆದಿದ್ದೀರಿ. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ನಿಮಗೆ ನಾನು ಹೇಳಬೇಕಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲ. ಅಂಥ ನೀರನ್ನೇ ಕುಡಿದು ಬೆಳೆದವರ ಮೂಳೆ ನೋವು, ಬೆನ್ನು ಸೆಟೆಯುವುದು ವಿಟಮಿನ್ ಡಿ ಕೊರತೆಯ ಹಾಗೇ ಕಾಣುತ್ತದೆ. ಎಷ್ಟೋ ಜನರಲ್ಲಿ ಎರಡೂ ಕೂಡಿಕೊಂಡೇ ಇರುತ್ತವೆ. ಬೆರಳು ಚುಚ್ಚುವ ಮೊದಲು ಬಾಯಿ ತೆರೆಸಿ ಹಲ್ಲು ನೋಡಿ, ಕಂದು ಪಟ್ಟೆ ಇದೆಯೇ ಅಂತ. ನೆಲದ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಮಂಡಿ ಮಡಿಸದೆ ಬಗ್ಗಿ ಎತ್ತಲು ಹೇಳಿ. ಗಲ್ಲ ಎದೆಗೆ ತಾಗಿಸಲು ಹೇಳಿ. ಎರಡೂ ಕೈ ಎತ್ತಿ ತಲೆಯ ಹಿಂದೆ ಹಿಡಿಯಲು ಹೇಳಿ. ಈ ಮೂರಕ್ಕೂ ಒಂದು ನಿಮಿಷ ಸಾಕು, ಪೈಸೆ ಖರ್ಚಿಲ್ಲ. ಮಾಡಲಾಗದಿದ್ದರೆ ಆ ಮನೆಯ ನೀರನ್ನು ಪರೀಕ್ಷೆಗೆ ಕಳಿಸಿ. ಅಂಥವರಿಗೆ ಬರೀ ಪ್ಯಾಕೆಟ್ ಕೊಟ್ಟು ಕಳಿಸಿದರೆ ಅದೇ ನೀರು ಕುಡಿಯುತ್ತಾ ನೋವಿನಲ್ಲೇ ಇರುತ್ತಾರೆ.

ದಾನಿಗಳಿಗೆ ಬೇರೆ ದಾರಿ ಹೇಳಿ. ಕಿಟ್ ಕೊಡಲಿ, ಆದರೆ ನೀವು ಮುಟ್ಟಿ ನೋಡಿ ಅನುಮಾನ ಬಂದವರಿಗೆ ಮಾತ್ರ ಅದನ್ನು ಬಳಸಿ. ಉಳಿದ ಹಣ ನೀರಿನ ಪರೀಕ್ಷೆಗೆ, ಹಿಮೋಗ್ಲೋಬಿನ್ ನೋಡಲಿಕ್ಕೆ ಹೋಗಲಿ. ಎರಡು ತಿಂಗಳ ಮೇಲೆ ಅದೇ ಊರಿಗೆ ಮತ್ತೆ ಹೋಗುವುದಾದರೆ ಪ್ಯಾಕೆಟ್ ಕೊಡಿ. ಹೋಗದಿದ್ದರೆ ಕೊಡಬೇಡಿ.

ಪ್ರಶ್ನೆ: ಚಿಕಿತ್ಸೆ ಶುರುಮಾಡಿದ ಎಷ್ಟು ದಿನಕ್ಕೆ ಮತ್ತೆ ಬೆರಳು ಚುಚ್ಚಬೇಕು? ರೋಗಿಗಳು ಹದಿನೈದು ದಿನಕ್ಕೇ ಕೇಳುತ್ತಾರೆ.

ಉತ್ತರ: ಮೂರು ತಿಂಗಳು ಬಿಡಿ. 25 ಹೈಡ್ರಾಕ್ಸಿ ರೂಪ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ಮೂರು ವಾರ ಹಿಡಿಯುತ್ತದೆ. ಏರಿ ಒಂದು ಮಟ್ಟಕ್ಕೆ ನಿಲ್ಲಲೂ ಹಾಗೇ ಸಮಯ ಬೇಕು. ಜ್ವರ ಬಂದಾಗ, ಆಪರೇಷನ್ ಆದ ಹೊಸತರಲ್ಲಿ ನೋಡಬೇಡಿ, ಆಗ ಸುಮ್ನೆ ಕಡಿಮೆ ತೋರಿಸುತ್ತದೆ. ಮೊದಲ ಸಲ ಯಾವ ಕಿಟ್‌ನಲ್ಲಿ ನೋಡಿದ್ದಿರೋ ಎರಡನೇ ಸಲವೂ ಅದರಲ್ಲೇ ನೋಡಿ.

ಪ್ರಶ್ನೆ: ಬಳಸಿದ ಪಟ್ಟಿ, ಲ್ಯಾನ್ಸೆಟ್ ಎಲ್ಲಿಗೆ ಹಾಕಬೇಕು? ನಮ್ಮ ಕ್ಲಿನಿಕ್‌ನಲ್ಲಿ ಎಲ್ಲವೂ ಒಂದೇ ಡಬ್ಬಕ್ಕೆ ಹೋಗುತ್ತಿದೆ.

ಉತ್ತರ: 2016ರ ಬಯೋಮೆಡಿಕಲ್ ವೇಸ್ಟ್ ನಿಯಮ ಓದಿ. ಲ್ಯಾನ್ಸೆಟ್ ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಕ್ಕೆ. ರಕ್ತದ ಹತ್ತಿ ಹಳದಿ ಚೀಲಕ್ಕೆ. ಪ್ಲಾಸ್ಟಿಕ್ ಪಟ್ಟಿ, ಪೈಪೆಟ್ ಕೆಂಪು ಚೀಲಕ್ಕೆ. ಕಸ ಆಯುವ ಹೆಣ್ಣುಮಕ್ಕಳ ಕೈಗೆ ಆ ಸೂಜಿ ಚುಚ್ಚುತ್ತದೆ, ಇವತ್ತೇ ಸರಿಮಾಡಿ.

ಪ್ರಶ್ನೆ: ಮೇಡಂ, ನಾನು ಆರೋಗ್ಯ ಕೇಂದ್ರದಲ್ಲಿ ಎಎನ್‌ಎಂ. ಹೊಸ ಕಿಟ್ ಕಲಿಯುವಾಗ ನನ್ನ ಬೆರಳನ್ನೇ ಚುಚ್ಚಿಕೊಂಡೆ. 11 ಬಂತು! ದಿನಾ ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೋಗುತ್ತೇನೆ. ಮೂರು ಹೊತ್ತೂ ರಾಗಿ ಮುದ್ದೆ, ರಾಗಿ ರೊಟ್ಟಿ. ನನಗೇ ಕೊರತೆ ಅಂದರೆ ನಂಬುವುದು ಹೇಗೆ?

ಉತ್ತರ: ನಂಬಿ ತಾಯಿ, 11 ಅಂದರೆ ಆ ನಡುವಿನ ಅಂಕಿಯಲ್ಲ. ಕಿಟ್ ಸ್ವಲ್ಪ ಆಚೀಚೆ ಹೇಳಿದ್ದರೂ ಕಡಿಮೆ ಇರುವುದು ಗಟ್ಟಿ.

ಬೆಳಿಗ್ಗೆ ಆರೂವರೆಯ ಬಿಸಿಲು ಮನಸ್ಸಿಗೆ ಹಿತ. ಆದರೆ ವಿಟಮಿನ್ ಡಿ ಮಾಡುವ ಯುವಿಬಿ ಕಿರಣ ಆಗ ಹೆಚ್ಚು ಕಡಿಮೆ ಇರುವುದೇ ಇಲ್ಲ. ಸೂರ್ಯ ಓರೆಯಾಗಿರುವಾಗ ಗಾಳಿಯ ಪದರವೇ ಅದನ್ನು ತಡೆಯುತ್ತದೆ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಆ ಬಿಸಿಲು ಈ ಕೆಲಸಕ್ಕೆ ಬರುವುದಿಲ್ಲ. ನೆರಳು ನಿಮಗಿಂತ ಗಿಡ್ಡವಾದಾಗ, ಹತ್ತೂವರೆಯಿಂದ ಮಧ್ಯಾಹ್ನ ಮೂರರೊಳಗೆ, ತೋಳು, ಮುಖ, ಕಾಲಿಗೆ ಬಿಸಿಲು ಬೀಳಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಆಗದು. ಗಾಜು ಆ ಕಿರಣವನ್ನು ಬಿಡುವುದಿಲ್ಲ. ನಮ್ಮ ಮೈಬಣ್ಣಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು. ನೀವು ಮನೆಮನೆ ಸುತ್ತುವಾಗ ಬಿಸಿಲಲ್ಲೇ ಇರುತ್ತೀರಿ, ನಿಜ. ಆದರೆ ತುಂಬುತೋಳಿನ ಏಪ್ರನ್, ತಲೆ ಮೇಲೆ ಸೆರಗು, ಕೈಯಲ್ಲಿ ಛತ್ರಿ. ಹೌದಲ್ವಾ?

ರಾಗಿಯನ್ನು ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರವೂ ಬರುವುದಿಲ್ಲ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಅದು ಸಾಕಷ್ಟು ಇದ್ದರೆ ಕರುಳು ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30–40 ಪಾಲು ಹೀರುತ್ತದೆ, ಇಲ್ಲದಿದ್ದರೆ 10–15 ಪಾಲು ಅಷ್ಟೇ. ಮೂರು ಹೊತ್ತು ಮುದ್ದೆ ತಿಂದರೂ ಹೆಚ್ಚಿನ ಪಾಲು ಹಾಗೇ ಹೊರಗೆ ಹೋಗುತ್ತಿದೆ. ದಿನಕ್ಕೆ 600 ಯೂನಿಟ್ ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. ನಮ್ಮ ಊಟದಿಂದ ಅಷ್ಟು ಸಿಗುವುದು ಕಷ್ಟ.

ನಿಮ್ಮ ಕೇಂದ್ರದ ಡಾಕ್ಟರಿಗೆ ನಾಳೆಯೇ ತೋರಿಸಿ. ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ಮೂರನ್ನೂ ಮಾಡಿಸಿ. ರಾತ್ರಿ ಕಾಲಿನ ಮೂಳೆ ನೋಯುತ್ತದೆಯೇ, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆಯೇ ಅಂತ ನೀವು ಬರೆದಿಲ್ಲ. ಅದನ್ನು ಅವರಿಗೆ ಮರೆಯದೆ ಹೇಳಿ. ಮನೆಯಲ್ಲಿ ಹಾಲುಣ್ಣುವ ಮಗು ಇದ್ದರೆ ಅದಕ್ಕೂ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಹಾಕುತ್ತಿದ್ದೀರಾ ಅಂತ ನೋಡಿ. ಮೂರು ತಿಂಗಳ ಮೇಲೆ ಅದೇ ಕಿಟ್, ಅದೇ ಕೈ, ಪಕ್ಕದ ಬೆರಳು. ಎಷ್ಟು ಬಂತು ಅಂತ ನನಗೊಂದು ಕಾರ್ಡ್ ಹಾಕಿ.